ಅರ್ಥವಾಯ್ತು ಸಾರ್

ಶನಿವಾರ ಬೆಳಗಿನ ಶಾಲೆ ಮುಗಿದು ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು. ಶಿಕ್ಷಕರ ಕೊಠಡಿಯ ಮೇಜಿನ ಮೇಲೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ವಿಜ್ಞಾನ ಉತ್ತರಪತ್ರಿಕೆಗಳ ಕಟ್ಟು. ಅದರ ಮುಂದೆ ಕೆಂಪು ಪೆನ್ನು ಹಿಡಿದು ಕೂತವರು ಗಣಿತದ ಮೇಷ್ಟ್ರು. ಎದುರಿಗೆ, ಹೋದ ವರ್ಷವಷ್ಟೇ ಇದೇ ಶಾಲೆಯಿಂದ ನಿವೃತ್ತರಾದ ಜೀವವಿಜ್ಞಾನದ ಮೇಡಂ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹಾಗಾಗಿ ಹೃದಯ, ಮೂತ್ರಪಿಂಡ, ಹೂವಿನ ಭಾಗ ಎಲ್ಲವೂ ಈ ವರ್ಷ ಗಣಿತದ ಮೇಷ್ಟ್ರ ಪಾಲಿಗೆ ಬಂದಿವೆ. ಮೇಡಂ ಮನೆ ಎರಡು ಬೀದಿ ಆಚೆ, ಕರೆದರೆ ಬರುತ್ತಾರೆ.

"ಇದನ್ನ ನೋಡಿ ಮೇಡಂ," ಎಂದು ಮೇಷ್ಟ್ರು ಒಂದು ಪತ್ರಿಕೆಯನ್ನು ಅವರತ್ತ ತಿರುಗಿಸಿದರು.

ಹಾಳೆಯ ತುಂಬ ಹೃದಯದ ಸೀಳುನೋಟ. ಪೆನ್ಸಿಲ್ ಗೆರೆ ಎಲ್ಲೂ ನಡುಗಿಲ್ಲ. ಹೃತ್ಕರ್ಣಗಳು ಮೇಲೆ, ಹೃತ್ಕುಕ್ಷಿಗಳು ಕೆಳಗೆ, ಎಡ ಹೃತ್ಕುಕ್ಷಿಯ ಗೋಡೆ ಇರಬೇಕಾದಷ್ಟೇ ದಪ್ಪ. ಸ್ಕೇಲಿಟ್ಟು ಎಳೆದ ಗೆರೆಗಳ ತುದಿಯಲ್ಲಿ ಮಹಾಪಧಮನಿ, ಕವಾಟ, ಮಹಾಭಿಧಮನಿ ಎಂದು ದುಂಡಗಿನ ಅಕ್ಷರ.

"ಚಿತ್ರಕ್ಕೆ ಪೂರ್ತಿ ಅಂಕ ಕೊಟ್ಟೆ. ಈಗ ಮುಂದಿನ ಉತ್ತರ ಓದಿ."

ಮೇಡಂ ಕನ್ನಡಕ ಏರಿಸಿ ಓದಿದರು. ಎಡ ಹೃತ್ಕುಕ್ಷಿಯಿಂದ ಹೊರಟ ರಕ್ತ ಶುದ್ಧವಾಗಲು ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಹುಡುಗಿ ಬರೆದಿದ್ದಳು. ಅದೇ ಕೈ, ಅದೇ ದುಂಡಗಿನ ಅಕ್ಷರ. ಮೇಲಿನ ಚಿತ್ರದಲ್ಲಿ ಅವಳೇ ಹಾಕಿದ ಬಾಣದ ಗುರುತು ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ಹೋಗಿತ್ತು.

"ಈ ಪಾಠ ಮಾಡಿದ ದಿನ ಎರಡು ಸಲ ಕೇಳಿದೀನಿ ಮೇಡಂ, ಅರ್ಥವಾಯ್ತಾ ಅಂತ. ಇಡೀ ತರಗತಿ ಒಂದೇ ದನಿಯಲ್ಲಿ ‘ಅರ್ಥವಾಯ್ತು ಸಾರ್’ ಅಂತು. ಈ ಹುಡುಗಿ ಮುಂದಿನ ಬೆಂಚು. ತಲೆ ಬೇರೆ ಆಡಿಸಿದಳು. ಸುಳ್ಳು ಹೇಳೋ ಮಗು ಅಲ್ಲ ಅದು."

"ಸುಳ್ಳು ಹೇಳಿಲ್ಲ ಬಿಡಿ. ಆ ಹೊತ್ತಿಗೆ ಅವಳಿಗೆ ನಿಜವಾಗಲೂ ಅರ್ಥವಾದ ಹಾಗೇ ಅನಿಸಿರುತ್ತೆ."

"ಅನಿಸೋದೂ ಅರ್ಥವಾಗೋದೂ ಇಷ್ಟು ದೂರ ಇರುತ್ತವಾ?"

ಎಷ್ಟು ದೂರ ಎಂಬುದನ್ನು ಅಳೆದವರಿದ್ದಾರೆ. 1982ರಲ್ಲಿ ಅಮೆರಿಕದಲ್ಲಿ ಆರ್ಥರ್ ಗ್ಲೆನ್‌ಬರ್ಗ್ ಮತ್ತು ಇಬ್ಬರು ಸಂಗಡಿಗರು ವಿದ್ಯಾರ್ಥಿಗಳ ಕೈಗೆ ಸಣ್ಣ ಸಣ್ಣ ಪಠ್ಯಭಾಗಗಳನ್ನು ಕೊಟ್ಟರು. ಕೆಲವದರಲ್ಲಿ ಒಂದು ವಾಕ್ಯ ಇನ್ನೊಂದನ್ನು ನೇರವಾಗಿ ಸುಳ್ಳು ಮಾಡುತ್ತಿತ್ತು. ಪರಸ್ಪರ ಒಪ್ಪದ ಮಾತು ಇರಬಹುದು, ಹುಡುಕಿ ಎಂದು ಮೊದಲೇ ಹೇಳಿದ್ದರು. ಆದರೂ ಎಷ್ಟೋ ಮಂದಿ ಆ ವಿರೋಧವನ್ನು ದಾಟಿಕೊಂಡು ಹೋದರು, ಹೋಗಿ ‘ಚೆನ್ನಾಗಿ ಅರ್ಥವಾಗಿದೆ’ ಎಂದೂ ಗುರುತು ಹಾಕಿದರು. ಗ್ಲೆನ್‌ಬರ್ಗ್ ಇದನ್ನು ತಿಳಿದಿರುವ ಭ್ರಮೆ ಎಂದು ಕರೆದರು. ಓದುವಾಗ ಪ್ರತಿ ವಾಕ್ಯವೂ ತನ್ನಷ್ಟಕ್ಕೆ ಸರಿಯಾಗಿಯೇ ಕಾಣುತ್ತದೆ. ಎರಡನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಕೆಲಸ ಆಗಿರುವುದಿಲ್ಲ. ಆಗಿಲ್ಲ ಎಂಬುದು ಓದಿದವರಿಗೆ ಗೊತ್ತೂ ಆಗುವುದಿಲ್ಲ.

"ಆಮೇಲೆ ಇದೇ ಒಂದು ಶಾಖೆಯಾಗಿ ಬೆಳೀತು," ಎಂದರು ಮೇಡಂ. "ಕಾಲೇಜು ಹುಡುಗರಿಂದ ಐದಾರು ಪಾಠ ಓದಿಸೋದು. ಪ್ರತಿಯೊಂದೂ ಎಷ್ಟು ಅರ್ಥವಾಗಿದೆ ಅಂತ ಅಂಕ ಹಾಕಿಸೋದು. ಆಮೇಲೆ ಪರೀಕ್ಷೆ. ಚೆನ್ನಾಗಿ ಅರ್ಥವಾಗಿದೆ ಅಂದ ಪಾಠದಲ್ಲೇ ಅವರಿಗೆ ಹೆಚ್ಚು ಅಂಕ ಬಂತಾ ಅಂತ ನೋಡೋದು. ಸಹಸಂಬಂಧ ಅಂತೀರಲ್ಲ ನೀವು, ಅದು ಎಷ್ಟು ಬಂತು ಹೇಳಿ?"

"ಸೊನ್ನೆ ಅಂದ್ರೆ ಸಂಬಂಧವೇ ಇಲ್ಲ, ಒಂದು ಅಂದ್ರೆ ಗೆರೆ ಎಳೆದ ಹಾಗೆ. ಕಾಲೇಜು ಹುಡುಗರು ಅಂದ್ರೆ… 0.6? 0.7?"

"ಹಲವು ಅಧ್ಯಯನಗಳ ಸರಾಸರಿ 0.27."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಅಂಕಿಯೊಂದು ಅವರನ್ನು ಹಿಡಿದು ನಿಲ್ಲಿಸುವಷ್ಟು ಬೇರಾವುದೂ ನಿಲ್ಲಿಸುವುದಿಲ್ಲ. "ಹಾಗಾದ್ರೆ ಪರೀಕ್ಷೆ ಹಿಂದಿನ ರಾತ್ರಿ ಯಾವ ಪಾಠ ಮತ್ತೆ ಓದಬೇಕು, ಯಾವುದನ್ನ ಬಿಡಬಹುದು ಅಂತ ಮಗು ತಾನೇ ತೀರ್ಮಾನ ಮಾಡಿದರೆ…"

"ಹೆಚ್ಚುಕಡಿಮೆ ಕಣ್ಣು ಮುಚ್ಚಿ ಆರಿಸಿದ ಹಾಗೆ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಮೇಷ್ಟ್ರಿಗೆ ಮಾತು ಪೂರ್ತಿ ಒಪ್ಪಿಗೆಯಾಗಿರಲಿಲ್ಲ.

"ಬರೀ ಅಕ್ಷರ ಓದಿದಾಗ ಹಾಗಾಗಬಹುದು ಮೇಡಂ. ಇಲ್ಲಿ ಚಿತ್ರ ಇದೆಯಲ್ಲ? ಚಿತ್ರ ಅಂದ್ರೆ ಕಣ್ಣೆದುರಿಗೇ ಎಲ್ಲ ಇರುತ್ತೆ. ಬರದೇ ಇದ್ದದ್ದು ಬರಲ್ಲ ಅಂತ ಅಲ್ಲೇ ಗೊತ್ತಾಗಬೇಕು."

"ನಿಮಗೆ ಸೈಕಲ್ ಹೊಡೆಯೋಕೆ ಬರುತ್ತಲ್ಲ?"

"ಐದನೇ ಕ್ಲಾಸಿಂದ ಪಿಯುಸಿವರೆಗೂ ಅದರಲ್ಲೇ ಓಡಾಡಿದ್ದು."

ಮೇಡಂ ಹಾಳೆಯೊಂದರ ಮೇಲೆ ಎರಡು ಚಕ್ರ, ಒಂದು ಸೀಟು, ಒಂದು ಹ್ಯಾಂಡಲ್ ಬರೆದು ಕೊಟ್ಟರು. "ಉಳಿದದ್ದು ನೀವು ತುಂಬಿ. ಫ್ರೇಮು, ಪೆಡಲ್, ಚೈನು. ಕಿಟಕಿ ಕಡೆ ನೋಡೋ ಹಾಗಿಲ್ಲ."

ಕಿಟಕಿಯಾಚೆ ಶಾಲೆಯ ಸೈಕಲ್ ಸ್ಟ್ಯಾಂಡಿತ್ತು. ಹಿಂದೆ ಎಂಟನೆಯ ತರಗತಿಯವರಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ಲುಗಳ ಪೈಕಿ ಒಂದೆರಡು ಇನ್ನೂ ಅಲ್ಲಿ ಒರಗಿ ನಿಂತಿದ್ದವು. ಮೇಷ್ಟ್ರು ಬೆನ್ನು ತಿರುಗಿಸಿ ಕೂತು ಎರಡೇ ನಿಮಿಷದಲ್ಲಿ ಚಿತ್ರ ಮುಗಿಸಿದರು. ಪೆಡಲ್ ಎರಡು ಚಕ್ರಗಳ ನಡುವೆ, ಚೈನು ಪೆಡಲಿನಿಂದ ಹಿಂದಿನ ಚಕ್ರಕ್ಕೆ, ಎರಡೂ ಸರಿ. ಕೆಳಗೆ ಮಾತ್ರ ಫ್ರೇಮಿನ ಒಂದು ಕೊಳವೆ ಹಿಂದಿನ ಚಕ್ರದ ಅಚ್ಚಿನಿಂದ ನೇರವಾಗಿ ಮುಂದಿನ ಚಕ್ರದ ಅಚ್ಚಿಗೆ ಹೋಗಿತ್ತು.

"ಈಗ ಈ ಸೈಕಲ್ಲನ್ನ ಎಡಕ್ಕೆ ತಿರುಗಿಸಿ," ಎಂದರು ಮೇಡಂ.

ಮೇಷ್ಟ್ರು ಹಾಳೆಯನ್ನೇ ನೋಡುತ್ತ ಕೂತರು. ಮುಂದಿನ ಚಕ್ರ ಹಿಂದಿನದಕ್ಕೆ ಬಿಗಿದುಕೊಂಡಿದೆ. ಅದು ತಿರುಗುವುದಿಲ್ಲ. ಎದ್ದು ಕಿಟಕಿಯ ಬಳಿ ಹೋಗಿ, ಬಹಳ ಹೊತ್ತು, ಹೊಸದನ್ನು ನೋಡುವವರ ಹಾಗೆ ಸೈಕಲ್ ನೋಡಿದರು.

ಇದೇ ಪರೀಕ್ಷೆಯನ್ನು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಲಾಸನ್ ಮಾಡಿದ್ದರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸೈಕಲ್ ಹೊಡೆಯದವರ ಪೈಕಿ ಶೇ. 40ಕ್ಕೂ ಹೆಚ್ಚು ಮಂದಿ ಫ್ರೇಮು, ಪೆಡಲ್ ಅಥವಾ ಚೈನಿನಲ್ಲಿ ತಪ್ಪು ಮಾಡಿದರು. ಚೈನನ್ನು ಎರಡೂ ಚಕ್ರಗಳಿಗೆ ಸುತ್ತಿದವರಿದ್ದರು. ದಿನವೂ ಸೈಕಲ್ ಹೊಡೆಯುವವರ ತಪ್ಪು ಕಡಿಮೆ, ಆದರೆ ಸೊನ್ನೆಯಲ್ಲ. ಸಾವಿರ ಸಲ ಕಂಡ ವಸ್ತು, ಒಂದು ಭಾಗವೂ ಮುಚ್ಚಿಲ್ಲದ ವಸ್ತು. ಅದು ಬೇಕಾದಾಗಲೆಲ್ಲ ಕಣ್ಣೆದುರಿಗೆ ಇರುತ್ತದಾದ್ದರಿಂದ ತಲೆಯೊಳಗೂ ಇದೆ ಎಂದು ನಾವು ನಂಬಿಬಿಡುತ್ತೇವೆ.

"ಏಲ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಇನ್ನೂ ಮುಂದಕ್ಕೆ ಹೋದರು," ಎಂದು ಮೇಡಂ ಮಾತು ಮುಂದುವರಿಸಿದರು. "ಲಿಯೊನಿಡ್ ರೊಸೆನ್‌ಬ್ಲಿಟ್ ಮತ್ತು ಫ್ರ್ಯಾಂಕ್ ಕೈಲ್ ಅಂತ, 2002ರಲ್ಲಿ. ಜಿಪ್ಪು, ಬೀಗ, ಹೊಲಿಗೆ ಯಂತ್ರ, ಫ್ಲಷ್ ಮಾಡೋ ಕಕ್ಕಸು, ಇಂಥವು ಹೇಗೆ ಕೆಲಸ ಮಾಡ್ತವೆ ಅನ್ನೋದು ನಿಮಗೆ ಎಷ್ಟು ಗೊತ್ತು, ಒಂದರಿಂದ ಏಳರೊಳಗೆ ಅಂಕ ಹಾಕಿ ಅಂದ್ರು. ಜನ ಧಾರಾಳವಾಗಿ ಹಾಕಿಕೊಂಡ್ರು. ಸರಿ, ಈಗ ಒಂದೊಂದೇ ಹಂತ ಬಿಡದೆ ಬರೆದುಕೊಡಿ ಅಂದ್ರು. ಬರೆಯೋಕೆ ಕೂತ ಮೇಲೆ ಮತ್ತೆ ಅಂಕ ಹಾಕಿ ಅಂದಾಗ ಸರಾಸರಿ ಅಂಕ ಇಳೀತು."

"ಎಲ್ಲ ವಿಷಯದಲ್ಲೂ ಹಾಗೇನಾ?"

"ಅಲ್ಲೇ ಇರೋದು ನೋಡಿ. ದೇಶಗಳ ರಾಜಧಾನಿ ಕೇಳಿದಾಗ ಅಷ್ಟು ಇಳೀಲಿಲ್ಲ. ಸಿನಿಮಾ ಕಥೆ ಹೇಳಿ ಅಂದಾಗಲೂ ಇಳೀಲಿಲ್ಲ. ರಾಜಧಾನಿ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ನಮಗೇ ಗೊತ್ತಾಗುತ್ತೆ. ಒಂದು ಯಂತ್ರ ಹೇಗೆ ನಡೆಯುತ್ತೆ ಅನ್ನೋದು ಮಾತ್ರ ಹಾಗಲ್ಲ. ಇನ್ನೂ ಒಂದು ಮಾತು ಅವರು ಕಂಡರು. ಯಾವ ವಸ್ತುವಿನಲ್ಲಿ ಕಣ್ಣಿಗೆ ಕಾಣೋ ಭಾಗಗಳು ಹೆಚ್ಚೋ ಅದರ ಬಗ್ಗೆ ಈ ಭ್ರಮೆಯೂ ಹೆಚ್ಚು."

ಮೇಷ್ಟ್ರ ಕಣ್ಣು ಮೇಜಿನ ಮೇಲಿದ್ದ ಹೃದಯದ ಚಿತ್ರದ ಮೇಲೆ ಹೋಗಿ ನಿಂತಿತು. ಸೀಳುನೋಟ ಮಾಡುವ ಕೆಲಸವೇ ಅದು: ಮುಚ್ಚಿದ್ದನ್ನೆಲ್ಲ ಸೀಳಿ ತೆರೆದು, ಎಲ್ಲ ಭಾಗಗಳನ್ನೂ ಒಮ್ಮೆಗೇ ಕಾಣಿಸುವುದು.

"ಹಾಗಂತ ಚಿತ್ರ ಬೇಡ ಅಂತೀರಾ ಮೇಡಂ?"

"ಅಯ್ಯೋ, ಮೂವತ್ತು ವರ್ಷ ಬೋರ್ಡ್ ತುಂಬ ಚಿತ್ರ ಬರೆದವಳು ನಾನು. ಚಿತ್ರ ಇದ್ದರೆ ಕಲಿಕೆ ಚೆನ್ನಾಗಿ ಆಗುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲಿತದ್ದು ಒಂದು, ಎಷ್ಟು ಕಲಿತೆ ಅನ್ನೋ ಅಂದಾಜು ಇನ್ನೊಂದು. ಚಿತ್ರ ಎರಡನ್ನೂ ಮೇಲಕ್ಕೆತ್ತುತ್ತೆ. ಕೆಲವು ಸಲ ಎರಡನೆಯದನ್ನ ಮಾತ್ರ."

ಆ ‘ಕೆಲವು ಸಲ’ವನ್ನು 2010ರಲ್ಲಿ ಮೈಕೆಲ್ ಸೆರ್ರಾ ಮತ್ತು ಜಾನ್ ಡನ್ಲಾಸ್ಕಿ ಹಿಡಿದು ತೋರಿಸಿದರು. ಮಿಂಚು ಹೇಗೆ ಉಂಟಾಗುತ್ತದೆ ಎಂಬ ಪಾಠ. ಕೆಲವರಿಗೆ ಬರೀ ಪಠ್ಯ. ಕೆಲವರಿಗೆ ಪಠ್ಯದ ಜೊತೆ ಹಂತಹಂತವಾಗಿ ವಿವರಿಸುವ ರೇಖಾಚಿತ್ರ. ಇನ್ನು ಕೆಲವರಿಗೆ ಪಠ್ಯದ ಜೊತೆ ಮಿಂಚಿನ ಛಾಯಾಚಿತ್ರ: ಆಕಾಶದಲ್ಲಿ ಬೆಳಕಿನ ಕೊಂಬೆ, ನೋಡಲು ಚೆಂದ, ವಿವರಿಸುವುದು ಏನೂ ಇಲ್ಲ. ಚಿತ್ರ ಇದ್ದವರು ತಮಗೆ ಹೆಚ್ಚು ಅರ್ಥವಾಗಿದೆ ಎಂದುಕೊಂಡರು. ಬರೀ ಛಾಯಾಚಿತ್ರ ಇದ್ದವರೂ ಹಾಗೆಯೇ ಅಂದುಕೊಂಡರು. ಪರೀಕ್ಷೆಯಲ್ಲಿ ಆ ಛಾಯಾಚಿತ್ರದಿಂದ ಬಂದ ಲಾಭ ಕಾಣಲಿಲ್ಲ. ಚಿತ್ರವಿದ್ದರೆ ಅರ್ಥವಾಗುತ್ತದೆ ಎಂಬ ನಂಬಿಕೆಯನ್ನೇ ಅವರು ಅರ್ಥವಾದ ಗುರುತೆಂದು ತಿಳಿದಿದ್ದರು.

ಪುಟ ತುಂಬ ಬಣ್ಣ ತುಂಬಿ ಬರುವ ಗೈಡುಗಳನ್ನು, ಗೋಡೆಗೆ ನೇತುಹಾಕುವ ಹೊಳಪಿನ ಚಾರ್ಟುಗಳನ್ನು ಕೊಳ್ಳುವ ಮುನ್ನ ಪ್ರತಿ ಶಾಲೆಯವರೂ ಓದಬೇಕಾದ ಫಲಿತಾಂಶ ಇದು. ಹೃದಯದ ವಿಷಯದಲ್ಲಂತೂ ಕರ್ಸ್ಟನ್ ಬುಚರ್ ಎಂಬ ಸಂಶೋಧಕಿ 2006ರಲ್ಲಿ ನೇರವಾಗಿಯೇ ನೋಡಿದ್ದಾರೆ. ನಿಜವಾದ ಹೃದಯದ ಹಾಗೇ ಕಾಣುವ, ರಕ್ತನಾಳಗಳ ಸೊಟ್ಟಡೊಂಕನ್ನೆಲ್ಲ ತೋರಿಸುವ ಚಿತ್ರಕ್ಕಿಂತ, ನಾಲ್ಕು ಕೋಣೆ, ದಾರಿ, ಬಾಣ ಇಷ್ಟನ್ನೇ ತೋರಿಸುವ ಸರಳ ಚಿತ್ರ ಓದಿದವರ ತಲೆಯಲ್ಲಿ ಹೃದಯದ ಕೆಲಸವನ್ನು ಚೆನ್ನಾಗಿ ಕಟ್ಟಿತು.

"ನಮ್ಮ ಪರೀಕ್ಷೆಯಲ್ಲಿ ಚಿತ್ರಕ್ಕೂ ಭಾಗ ಗುರುತಿಸೋದಕ್ಕೂ ಅಂಕ," ಎಂದರು ಮೇಷ್ಟ್ರು. "ಅದಕ್ಕೆ ಮಕ್ಕಳು ಚಿತ್ರವನ್ನ ಹತ್ತು ಸಲ ಬರೀತಾರೆ. ಹತ್ತನೇ ಸಲ ಕೈ ತಾನಾಗೇ ಓಡುತ್ತೆ. ಕೈ ಓಡಿದರೆ ಬಂತು ಅಂತ ಅರ್ಥ."

"ಕೈಗೆ ಬಂತು, ನಿಜ. ಅದೂ ಒಂದು ಕಲಿಕೆಯೇ, ಅದಕ್ಕೆ ಕೊಟ್ಟ ಅಂಕ ಕಿತ್ತುಕೊಳ್ಳಬೇಡಿ. ಅವಳಿಗೆ ತಪ್ಪಿದ್ದು ಎಲ್ಲಿ ಅಂದರೆ, ಕೈ ಸರಾಗವಾಗಿ ಓಡಿದ್ದನ್ನೇ ನೋಡಿ ರಕ್ತ ಓಡೋ ದಾರಿಯೂ ತನಗೆ ಗೊತ್ತು ಅಂದುಕೊಂಡಳು." ಮೇಡಂ ಒಂದು ಗಳಿಗೆ ತಡೆದು ಕೇಳಿದರು, "ನಿಮ್ಮನ್ನೂ ಒಂದು ಕೇಳಲಾ? ಬೇಜಾರಿಲ್ಲ ತಾನೆ?"

"ಸೈಕಲ್ ಆದ ಮೇಲೆ ಇನ್ನೇನು ಬೇಜಾರು. ಕೇಳಿ."

"ಪುಸ್ತಕ ಮುಚ್ಚಿ. ಕಾಲ್ಬೆರಳಿನಿಂದ ಒಂದು ಹನಿ ರಕ್ತ ಹೊರಟಿದೆ. ಮತ್ತೆ ಅಲ್ಲಿಗೇ ತಂದುಬಿಡಿ."

ಮೇಷ್ಟ್ರು ಬೆರಳು ಮಡಚುತ್ತ ಹೇಳಿದರು: ಅಭಿಧಮನಿಗಳಲ್ಲಿ ಮೇಲಕ್ಕೆ, ಕೆಳ ಮಹಾಭಿಧಮನಿ, ಬಲ ಹೃತ್ಕರ್ಣ, ಕವಾಟ ದಾಟಿ ಬಲ ಹೃತ್ಕುಕ್ಷಿ, ಅಲ್ಲಿಂದ ಶ್ವಾಸಕೋಶ, ಮರಳಿ ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ಮತ್ತೆ ಕಾಲು. ಎಲ್ಲೂ ತಡವರಿಸಲಿಲ್ಲ.

"ಚೆನ್ನಾಯ್ತು. ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ?"

"ಅದು ಇಡೀ ದೇಹಕ್ಕೆ ಕಳಿಸಬೇಕಲ್ಲ ಮೇಡಂ. ಬಲಗಡೆಯದು ಶ್ವಾಸಕೋಶಕ್ಕೆ ಮಾತ್ರ. ಎಡಗಡೆಯಿಂದ ಹೆಚ್ಚು ರಕ್ತ ಹೋಗಬೇಕು."

"ಹೆಚ್ಚು ರಕ್ತ?"

"ಹೌದು… ದೇಹ ದೊಡ್ಡದು."

"ನೀವು ಗಣಿತದವರು. ಲೆಕ್ಕ ಹಾಕಿ. ಒಂದು ಬಡಿತಕ್ಕೆ ಎಡಗಡೆಯಿಂದ ಹೊರಬೀಳೋದು ಸುಮಾರು 70 ಮಿಲಿಲೀಟರ್. ನಿಮಿಷಕ್ಕೆ 72 ಬಡಿತ."

"5040. ಐದು ಲೀಟರ್ ಅನ್ನಿ."

"ದೊಡ್ಡವರ ಮೈಯಲ್ಲಿರೋ ಒಟ್ಟು ರಕ್ತವೂ ಸುಮಾರು ಐದು ಲೀಟರ್. ಈಗ ಬಲಗಡೆಯಿಂದ ನಿಮಿಷಕ್ಕೆ ನಾಲ್ಕೇ ಲೀಟರ್ ಹೋಗುತ್ತೆ ಅಂದುಕೊಳ್ಳಿ. ಎಡಕ್ಕೆ ಬರೋದು ಎಲ್ಲಿಂದ?"

ಮೇಷ್ಟ್ರು ಬಾಯಿ ತೆರೆದವರು ಹಾಗೇ ನಿಂತರು. ಎಡಕ್ಕೆ ಬರುವುದೆಲ್ಲ ಶ್ವಾಸಕೋಶದಿಂದ. ಶ್ವಾಸಕೋಶಕ್ಕೆ ಹೋಗುವುದೆಲ್ಲ ಬಲದಿಂದ. ನಾಲ್ಕು ಬಂದು ಐದು ಹೋದರೆ ಕೆಲವೇ ನಿಮಿಷಗಳಲ್ಲಿ ಶ್ವಾಸಕೋಶವೆಲ್ಲ ಬರಿದಾಗಬೇಕು. "ಎರಡೂ ಕಡೆ ಒಂದೇ ಅಳತೆ ಇರಲೇಬೇಕು," ಎಂದರು ಮೆಲ್ಲಗೆ. "ಹಾಗಾದ್ರೆ ದಪ್ಪ ಯಾಕೆ… ದೂರ. ದೂರ ತಳ್ಳಬೇಕು. ಒತ್ತಡ ಜಾಸ್ತಿ ಬೇಕು."

"ಅದೇ. ಎಡಗಡೆ ಒತ್ತಡ 120ರ ಆಸುಪಾಸು ಏರುತ್ತೆ, ಬಲಗಡೆ 25ರ ಹತ್ತಿರ. ಇನ್ನೊಂದು. ಬಲ ಹೃತ್ಕುಕ್ಷಿ ಮೊದಲು ಒತ್ತುತ್ತೋ, ಎಡದ್ದು ಮೊದಲೋ?"

"ಬಲದ್ದು. ಆಮೇಲೆ ಶ್ವಾಸಕೋಶ, ಆಮೇಲೆ ಎಡ…" ಹೇಳುತ್ತ ಹೇಳುತ್ತ ಅವರೇ ನಿಲ್ಲಿಸಿದರು. ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. "ಇಲ್ಲ. ಎರಡೂ ಒಟ್ಟಿಗೇನಾ?"

"ಒಟ್ಟಿಗೇ. ಒಂದು ಹನಿಯ ದಾರಿಯನ್ನ ಬಾಣ ಹಾಕಿ ಒಂದು, ಎರಡು, ಮೂರು ಅಂತ ತೋರಿಸುತ್ತೆ ಚಿತ್ರ. ಅದು ಹನಿಗೆ ಸರಿ, ಹೃದಯಕ್ಕೆ ಅಲ್ಲ. ಹೃದಯದಲ್ಲಿ ಎರಡೂ ಮೇಲಿನ ಕೋಣೆ ಒಂದು ಸಲ, ಎರಡೂ ಕೆಳಗಿನ ಕೋಣೆ ಇನ್ನೊಂದು ಸಲ. ಚಿತ್ರ ನಿಂತಿರುತ್ತೆ ನೋಡಿ. ಓಡಿಸಬೇಕಾದವರು ನಾವು."

ಮೇಷ್ಟ್ರಿಗೆ ನಾಚಿಕೆಯಾಗಿತ್ತು, ಅದನ್ನು ಮರೆಮಾಚುವ ಯತ್ನವನ್ನೂ ಅವರು ಮಾಡಲಿಲ್ಲ. ಮೂರು ತಿಂಗಳ ಹಿಂದೆ ಈ ಪಾಠ ಮಾಡಿದವರು ಅವರೇ.

ಆದರೆ ಇಂಥ ಎಡವಟ್ಟಿಗೆ ದೊಡ್ಡ ಇತಿಹಾಸವಿದೆ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್, ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ರಕ್ತ ಬಲದಿಂದ ಎಡಕ್ಕೆ ಅವುಗಳ ಮೂಲಕ ಜಿನುಗುತ್ತದೆ ಎಂದು ಬರೆದಿದ್ದ. ಯುರೋಪಿನ ವೈದ್ಯರು ಸಾವಿರಕ್ಕೂ ಹೆಚ್ಚು ವರ್ಷ ಅದನ್ನೇ ಓದಿದರು, ಅದನ್ನೇ ಪಾಠ ಮಾಡಿದರು. ಹದಿಮೂರನೆಯ ಶತಮಾನದಲ್ಲೇ ಇಬ್ನ್ ಅಲ್-ನಫೀಸ್ ಆ ಗೋಡೆಯಲ್ಲಿ ದಾರಿಯೇ ಇಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಬರಬೇಕು ಎಂದಿದ್ದ. 1543ರಲ್ಲಿ ಮನುಷ್ಯ ದೇಹದ ಅದ್ಭುತ ಚಿತ್ರಗಳ ಗ್ರಂಥ ಹೊರತಂದ ವೆಸಾಲಿಯಸ್, 1555ರ ಎರಡನೆಯ ಆವೃತ್ತಿಯಲ್ಲಿ ಆ ರಂಧ್ರಗಳ ಬಗ್ಗೆ ತನ್ನ ಸಂಶಯವನ್ನು ಇನ್ನೂ ಗಟ್ಟಿಯಾಗಿ ಹೇಳಿದ. ಕೊನೆಗೆ 1628ರಲ್ಲಿ ವಿಲಿಯಂ ಹಾರ್ವೆ ಮಾಡಿದ್ದು ಮೇಡಂ ಈಗಷ್ಟೇ ಮಾಡಿಸಿದ ಲೆಕ್ಕದಂಥದ್ದೇ. ಒಂದು ಬಡಿತಕ್ಕೆ ಇಷ್ಟು, ಅರ್ಧ ಗಂಟೆಗೆ ಇಷ್ಟು ಬಡಿತ; ತಿಂದ ಅನ್ನದಿಂದ ಅಷ್ಟು ರಕ್ತ ಹೊಸದಾಗಿ ಹುಟ್ಟಲು ಸಾಧ್ಯವಿಲ್ಲ; ಹಾಗಾದರೆ ಅದೇ ರಕ್ತ ಸುತ್ತುತ್ತಿದೆ. ಅಪಧಮನಿಯಿಂದ ಅಭಿಧಮನಿಗೆ ಅದು ಎಲ್ಲಿ ದಾಟುತ್ತದೆ ಎಂಬುದು ಹಾರ್ವೆಗೆ ಕಾಣಲಿಲ್ಲ. ಆ ಲೋಮನಾಳಗಳನ್ನು 1661ರಲ್ಲಿ ಮಾಲ್ಪೀಗಿ ಸೂಕ್ಷ್ಮದರ್ಶಕದಡಿ, ಕಪ್ಪೆಯ ಶ್ವಾಸಕೋಶದಲ್ಲಿ ಕಂಡ.

"ಸರಿ ಮೇಡಂ," ಎಂದು ಮೇಷ್ಟ್ರು ಕುರ್ಚಿ ಹತ್ತಿರಕ್ಕೆಳೆದುಕೊಂಡರು. "ಸೋಮವಾರ ನಾನು ಏನು ಮಾಡಲಿ? ಅರ್ಥವಾಯ್ತಾ ಅಂತ ಕೇಳೋದು ಬಿಟ್ಟೆ ಅನ್ನಿ. ಬದಲಿಗೆ?"

"ಒಂದು, ಸಾಲು ಓದಿ ನಿಲ್ಲಿಸಿ, ‘ಇದರ ಅರ್ಥ ಏನು, ಹಿಂದಿನ ಮಾತಿಗೂ ಇದಕ್ಕೂ ಏನು ಸಂಬಂಧ’ ಅಂತ ಅವರ ಬಾಯಲ್ಲೇ ಹೇಳಿಸಿ. ಮಿಶೆಲಿನ್ ಚಿ ಅಂತ ಒಬ್ಬರು, 1994ರಲ್ಲಿ, ಎಂಟನೇ ತರಗತಿ ಮಕ್ಕಳಿಗೆ ರಕ್ತಪರಿಚಲನೆಯ ಪಾಠವನ್ನೇ ಕೊಟ್ಟರು. ನೂರೊಂದು ವಾಕ್ಯ. ಒಂದು ಗುಂಪು ಪ್ರತಿ ವಾಕ್ಯ ಆದ ಮೇಲೂ ತಮಗೆ ತಾವೇ ವಿವರಿಸಿಕೊಳ್ಳಬೇಕು. ಇನ್ನೊಂದು ಗುಂಪು ಅದೇ ಪಾಠ ಎರಡು ಸಲ ಓದಬೇಕು. ವಿವರಿಸಿಕೊಂಡವರ ತಿಳಿವಳಿಕೆ ಶೇ. 32ರಷ್ಟು ಏರಿತು, ಎರಡು ಸಲ ಓದಿದವರದು ಶೇ. 22."

"ಎಂಟನೇ ತರಗತಿಗೆ ಬರೋ ಹೊತ್ತಿಗೆ ಮಕ್ಕಳ ತಲೆಯಲ್ಲಿ ಏನಿರುತ್ತೆ?"

"ಎಷ್ಟೋ ಮಕ್ಕಳ ತಲೆಯಲ್ಲಿ ಒಂದೇ ಸುತ್ತು. ಹೃದಯದಿಂದ ಮೈಗೆ, ಮೈಯಿಂದ ಹೃದಯಕ್ಕೆ. ಶ್ವಾಸಕೋಶಕ್ಕೆ ಬೇರೆಯದೇ ಸುತ್ತು ಇದೆ ಅನ್ನೋದು ಹೊಳೆಯೋದೇ ಇಲ್ಲ. ನಿಮ್ಮ ಈ ಹುಡುಗಿಯ ಉತ್ತರ ಮತ್ತೆ ಓದಿ. ಎಡದಿಂದ ಹೊರಟ ರಕ್ತ ಶ್ವಾಸಕೋಶಕ್ಕೆ ಹೋಗುತ್ತೆ ಅಂದಿದಾಳೆ. ಅವಳ ತಲೆಯಲ್ಲೂ ಇರೋದು ಒಂದೇ ಸುತ್ತು. ಅದರೊಳಗೇ ಶ್ವಾಸಕೋಶವನ್ನ ಎಲ್ಲೋ ತುರುಕಿದಾಳೆ."

ಮೇಷ್ಟ್ರು ಉತ್ತರವನ್ನು ಮತ್ತೆ ಓದಿದರು. ಆ ತಪ್ಪಿನ ಹಿಂದೆ ಒಂದು ಯೋಚನೆ ಇತ್ತು ಎಂಬುದು ಅವರಿಗೆ ಈಗ ಕಂಡಿತು.

"ಎರಡನೆಯದು," ಎಂದರು ಮೇಡಂ, "ಹೊತ್ತು ಬಿಟ್ಟು ಕೇಳಿ. ಪಾಠ ಮುಗಿದ ಕೂಡಲೇ ಕೇಳಿದರೆ ಹೇಳಿಬಿಡ್ತಾರೆ. ಮಾತೆಲ್ಲ ಇನ್ನೂ ಕಿವಿಯಲ್ಲೇ ಇರುತ್ತೆ."

ಇದರ ಹಿಂದೆ ಕೀತ್ ಥೀಡ್ ಮತ್ತು ಸಂಗಡಿಗರ 2003ರ ಪ್ರಯೋಗವಿದೆ. ವಿದ್ಯಾರ್ಥಿಗಳು ಆರು ಪಠ್ಯಗಳನ್ನು ಓದಿದರು. ಒಂದು ಗುಂಪು ಪ್ರತಿ ಪಠ್ಯ ಮುಗಿದ ಕೂಡಲೇ ಅದರ ಐದು ಮುಖ್ಯ ಪದಗಳನ್ನು ಬರೆಯಿತು. ಇನ್ನೊಂದು ಗುಂಪು ಆರನ್ನೂ ಓದಿಯಾದ ಮೇಲೆ, ಪಠ್ಯ ನೋಡದೆ, ಒಂದೊಂದಕ್ಕೂ ಐದು ಪದ ಬರೆಯಿತು. ಮಾಡಿದ ಕೆಲಸ ಒಂದೇ, ಬೇರೆಯಾದದ್ದು ನಡುವಿನ ಹೊತ್ತು ಮಾತ್ರ. ಆದರೆ ತಡವಾಗಿ ಬರೆದವರ ಅಂದಾಜು ಪರೀಕ್ಷೆಯ ಅಂಕಕ್ಕೆ 0.7ರ ಹತ್ತಿರ ಹೊಂದಿತು; ಕೂಡಲೇ ಬರೆದವರದು ಅದಕ್ಕಿಂತ ಸಾಕಷ್ಟು ಕೆಳಗೇ ಉಳಿಯಿತು. ಮತ್ತೆ ಓದಲು ಅವಕಾಶ ಕೊಟ್ಟಾಗ ತಡವಾಗಿ ಬರೆದವರು ತಮಗೆ ಬರದ ಪಠ್ಯವನ್ನೇ ಆರಿಸಿಕೊಂಡರು, ಕೊನೆಯ ಪರೀಕ್ಷೆಯಲ್ಲಿ ಮುಂದೆ ಬಂದರು. ಓದಿದ ಕೂಡಲೇ ಮನಸ್ಸಿನಲ್ಲಿರುವುದು ಪಠ್ಯದ ಪದಗಳು. ಸ್ವಲ್ಪ ಹೊತ್ತಾದ ಮೇಲೆ ಪದಗಳು ಉದುರಿ, ಒಳಗೆ ಕಟ್ಟಿಕೊಂಡದ್ದೇನಾದರೂ ಇದ್ದರೆ ಅದಷ್ಟೇ ಉಳಿಯುತ್ತದೆ. ಆಗ ತಡಕಿ ನೋಡಿದವನಿಗೆ ಸಿಗುವ ಉತ್ತರ ಪರೀಕ್ಷೆಯ ದಿನ ಸಿಗುವ ಉತ್ತರಕ್ಕೆ ಹತ್ತಿರವಾಗಿರುತ್ತದೆ. ನೆದರ್ಲೆಂಡ್ಸಿನಲ್ಲಿ ಇದನ್ನೇ ಚಿತ್ರಕ್ಕೂ ಹೊಂದಿಸಿ ನೋಡಿದ್ದಾರೆ: ಕಾರಣ–ಪರಿಣಾಮಗಳ ಖಾಲಿ ಚೌಕಗಳಿಗೆ ಬಾಣ ಹಾಕಿ ಕೊಟ್ಟು, ಓದಿ ಸ್ವಲ್ಪ ಹೊತ್ತಾದ ಮೇಲೆ ಮಕ್ಕಳಿಂದ ತುಂಬಿಸುವುದು. ಖಾಲಿ ಉಳಿದ ಚೌಕವೇ ಮಗುವಿಗೆ ತನಗೇನು ಬರದು ಎಂದು ತೋರಿಸಿತು.

"ಆದರೆ ಮಕ್ಕಳಿಗೆ ಇದು ಇಷ್ಟ ಆಗಲ್ಲ ಮೇಡಂ. ಮುಚ್ಚಿ ಹೇಳು ಅಂದ್ರೆ ಮುಖ ಬಾಡಿಸ್ತಾರೆ. ಇನ್ನೊಂದು ಸಲ ಓದ್ಕೊಂಡು ಬರ್ತೀನಿ ಸಾರ್ ಅಂತಾರೆ."

"ಕಷ್ಟ ಅನಿಸುತ್ತಲ್ಲ, ಅದಕ್ಕೆ. ಕಷ್ಟ ಆದರೆ ಬರಲಿಲ್ಲ ಅಂತ ಅವರ ಲೆಕ್ಕ. ಸುಲಭ ಆದರೆ ಬಂತು ಅಂತ."

ಈ ಲೆಕ್ಕ ಎಷ್ಟು ತಲೆಕೆಳಗು ಎಂಬುದನ್ನು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಸೂರ್ಯನ ಬಗ್ಗೆ, ಸಮುದ್ರದ ನೀರುನಾಯಿಗಳ ಬಗ್ಗೆ ಇದ್ದ ಎರಡು ಚಿಕ್ಕ ಪಾಠಗಳಿಂದ ತೋರಿಸಿದರು. ಕೆಲವರು ನಾಲ್ಕು ಸರದಿಯಲ್ಲೂ ಓದಿದರು. ಕೆಲವರು ಒಂದು ಸರದಿ ಓದಿ ಮೂರು ಸರದಿ, ನೋಡದೆ, ನೆನಪಿದ್ದದ್ದನ್ನು ಬರೆದರು. ಒಂದು ವಾರದ ನಂತರ ಎಷ್ಟು ನೆನಪಿರಬಹುದು ಎಂದಾಗ ಓದುತ್ತಲೇ ಇದ್ದವರ ವಿಶ್ವಾಸವೇ ಹೆಚ್ಚು. ವಾರ ಕಳೆದಾಗ ಅವರಿಗೆ ನೆನಪಿದ್ದದ್ದು ಶೇ. 40, ನೋಡದೆ ಬರೆದವರಿಗೆ ಶೇ. 61.

ಮೇಷ್ಟ್ರು ಆ ಎರಡು ಅಂಕಿಗಳನ್ನು ಸೈಕಲ್ ಚಿತ್ರದ ಕೆಳಗೆ ಬರೆದಿಟ್ಟುಕೊಂಡರು.

"ಇನ್ನೊಂದು ಹೇಳಿಬಿಡ್ತೀನಿ," ಎಂದರು ಮೇಡಂ. "ನನಗೆ ಬಹಳ ಇಷ್ಟವಾದದ್ದು. ನಮ್ಮ ಮನೆಯಲ್ಲೂ ಹೊಲಿಗೆ ಯಂತ್ರ ಇದೆ, ಅದಕ್ಕಿರಬಹುದು. ಜಪಾನಿನ ನವೋಮಿ ಮಿಯಾಕೆ ಅನ್ನೋರು ಇಬ್ಬಿಬ್ಬರನ್ನ ಕೂರಿಸಿ, ಹೊಲಿಗೆ ಯಂತ್ರ ಹೊಲಿಗೆ ಹೇಗೆ ಹಾಕುತ್ತೆ ಅಂತ ಮಾತಾಡಿಕೊಂಡು ಕಂಡುಕೊಳ್ಳಿ ಅಂದ್ರು. 1986ರಲ್ಲಿ ಬಂತು ಅದು. ಯೋಚಿಸಿ, ಸೂಜಿ ಬಟ್ಟೆಯ ಇನ್ನೊಂದು ಕಡೆಗೆ ಪೂರ್ತಿ ದಾಟಿ ಹೋಗೋದೇ ಇಲ್ಲ. ಮೇಲಿನ ದಾರದ ಇನ್ನೊಂದು ತುದಿ ಉಂಡೆಯಲ್ಲಿದೆ. ಕೆಳಗಿನ ದಾರದ ತುದಿ ಬಾಬಿನ್ನಿನಲ್ಲಿದೆ. ಎರಡು ದಾರದ ತುದಿಯೂ ಬಿಡಿಯಾಗಿಲ್ಲ. ಒಂದಕ್ಕೊಂದು ಸುತ್ತಿಕೊಳ್ಳೋದು ಹೇಗೆ?"

ಮೇಷ್ಟ್ರು ಎರಡು ಬೆರಳು ಕೊಕ್ಕೆ ಹಾಕಿ, ಬಿಡಿಸಿ, ಮತ್ತೆ ಹಾಕಿದರು. "ಕೆಳಗೆ ಒಂದು ಕೊಕ್ಕೆ ಇರುತ್ತೆ ಅಲ್ವಾ? ಅದು ಮೇಲಿನ ದಾರವನ್ನ ಹಿಡಿದು ಎಳೆಯುತ್ತೆ."

"ಎಳೆದು?"

"ಎಳೆದು ಕೆಳಗಿನ ದಾರದ ಸುತ್ತ… ಆದರೆ ಬಾಬಿನ್ ಅಡ್ಡ ಇದೆಯಲ್ಲ."

"ಅಲ್ಲಿಗೇ ಎಲ್ಲರೂ ಬಂದು ನಿಂತರು. ಆ ಕುಣಿಕೆ ಇಡೀ ಬಾಬಿನ್ನನ್ನೇ ಬಳಸಿಕೊಂಡು ಬರುತ್ತೆ. ಬಾಬಿನ್ ಯಾವುದಕ್ಕೂ ಅಂಟಿಕೊಂಡಿಲ್ಲ, ಸಡಿಲವಾಗಿ ಕೂತಿದೆ. ಇದು ತಿಳಿದ ಕೂಡಲೇ ಮುಂದಿನ ಪ್ರಶ್ನೆ: ಯಾವುದಕ್ಕೂ ಅಂಟಿಕೊಂಡಿಲ್ಲದಿದ್ದರೆ ಅದು ಬೀಳದೆ ನಿಂತಿರೋದು ಹೇಗೆ? ಮಿಯಾಕೆ ಕಂಡಿದ್ದು ಇದನ್ನೇ. ಒಂದು ಹಂತದಲ್ಲಿ ಅರ್ಥವಾದಾಗ ‘ಈಗ ಗೊತ್ತಾಯ್ತು’ ಅಂತಾರೆ. ಅದರ ಬೆನ್ನಿಗೇ ಕೆಳಗಿನ ಹಂತ ಕಾಣುತ್ತೆ, ‘ಗೊತ್ತಾಗ್ಲಿಲ್ಲ’ ಅಂತಾರೆ. ಜೋಡಿಯಲ್ಲಿ ಒಬ್ಬರು ಅರ್ಥವಾಯ್ತು ಅಂದಾಗ ಇನ್ನೊಬ್ಬರು, ಅದು ಹೇಗೆ, ಅಂತ ಕೇಳೋದೇ ಅವರನ್ನ ಕೆಳಕ್ಕಿಳಿಸೋದು. ಅರ್ಥವಾಗ್ತಿಲ್ಲ ಸಾರ್ ಅಂತ ನಿಮ್ಮ ತರಗತಿಯಲ್ಲಿ ಯಾರಾದರೂ ಎದ್ದು ನಿಂತರೆ, ಉಳಿದವರಿಗಿಂತ ಅವನು ಒಂದು ಮೆಟ್ಟಿಲು ಮುಂದಿರಬಹುದು."

ಹೊರಗೆ ಜವಾನ ಕೊಠಡಿಗಳ ಬೀಗ ಹಾಕುತ್ತ ಬರುವ ಸದ್ದು ಕೇಳಿಸಿತು. ಮೇಡಂ ಚೀಲ ಹೆಗಲಿಗೇರಿಸಿ, ಹೊರಡುವ ಮೊದಲು ಹೃದಯದ ಚಿತ್ರವನ್ನು ಇನ್ನೊಮ್ಮೆ ಕೈಗೆತ್ತಿಕೊಂಡರು. "ಎಷ್ಟು ಚೆನ್ನಾಗಿ ಬರೆದಿದೆ ಮಗು," ಎಂದರು. "ಒಂದು ಕೇಳಿ ನೋಡಿ ಅವಳನ್ನ. ಹೃದಯದ ಎಡಭಾಗ ಹಾಳೆಯಲ್ಲಿ ನಮ್ಮ ಬಲಕ್ಕೆ ಯಾಕೆ ಬಂತು ಅಂತ. ಆ ಹೃದಯ ಇರೋದು ಎದುರಿಗೆ ನಿಂತವರ ಎದೆಯಲ್ಲಿ ಅಂತ ಹೊಳೆದರೆ, ಉಳಿದದ್ದನ್ನ ಅವಳೇ ಓಡಿಸ್ತಾಳೆ."

ಮೇಡಂ ಹೋದ ಮೇಲೆ ಮೇಷ್ಟ್ರು ತಪ್ಪು ಉತ್ತರದ ಪಕ್ಕ ಹಾಕಿದ್ದ ಕೆಂಪು ಗೆರೆಯನ್ನು ನೋಡಿದರು. ಅದರ ಕೆಳಗೆ ಉಳಿದಿದ್ದ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದರು: ‘ಕಾಲ್ಬೆರಳಿನಿಂದ ಒಂದು ಹನಿ ರಕ್ತ ಹೊರಟಿದೆ. ಪುಸ್ತಕ ನೋಡದೆ ಅದರ ದಾರಿ ಬರೆ. ಬರೆಯುವ ಮೊದಲು, ಐದಕ್ಕೆ ಎಷ್ಟು ಅಂಕ ಬರುತ್ತದೆ ಎಂದು ನಿನ್ನ ಅಂದಾಜು ಹಾಕು.’ ಆಮೇಲೆ ಕಟ್ಟಿನಿಂದ ಮುಂದಿನ ಪತ್ರಿಕೆ ಎಳೆದುಕೊಂಡರು. ಅದರಲ್ಲೂ ಒಂದು ಹೃದಯ, ಇದಕ್ಕಿಂತ ಸ್ವಲ್ಪ ಸೊಟ್ಟ. ಒಂದು ಬಾಣವನ್ನು ಅಳಿಸಿ, ತಿರುಗಿಸಿ, ಮತ್ತೆ ಅಳಿಸಿದ ಗುರುತು ಕಾಗದದ ಮೇಲೆ ಉಳಿದಿತ್ತು.